ಬೇವೂರಿನ ಮಾಳಿಗೆ ಮನೆಗಳು ಮತ್ತು ಪಶ್ಚಿಮ ಆಫ್ರಿಕಾದ ಮಣ್ಣಿನ ಪಾಠ

ಸರಕಾರಿ ಕಾಗದಪತ್ರಗಳಲ್ಲಿ ಮನೆಗಳು ಮುಖ್ಯವಾಗಿ ಎರಡು ಬಗೆ: ಒಂದು ಕಚ್ಚಾ, ಇನ್ನೊಂದು ಪಕ್ಕಾ. ಗೋಡೆ ಮಣ್ಣಿನದಾದರೆ ಮನೆ ಕಚ್ಚಾ. ಆ ಗೋಡೆ ಎರಡು ಅಡಿ ದಪ್ಪವಿರಲಿ, ನಾಲ್ಕು ತಲೆಮಾರಿನವರು ಅದರ ತಂಪಿನಲ್ಲಿ ಹುಟ್ಟಿ ಬಾಳಿ ಹೋಗಿರಲಿ, ಗಣತಿಯ ನಮೂನೆಯಲ್ಲಿ ಅದಕ್ಕೆ ಬೇರೆ ಹೆಸರಿಲ್ಲ. 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯಲ್ಲಿ ಕಚ್ಚಾ ಗೋಡೆ, ಕಚ್ಚಾ ಸೂರಿನ ಒಂದೇ ಕೋಣೆಯಲ್ಲಿ ವಾಸಿಸುವುದನ್ನು ಬಡತನದ ಒಂದು ಲಕ್ಷಣವೆಂದು ಎಣಿಸಲಾಯಿತು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮೀಣ ವಸತಿ ಯೋಜನೆಯೂ ಆ ಗಣತಿಯ ಪಟ್ಟಿಯನ್ನೇ ಆಧಾರವಾಗಿ ಇಟ್ಟುಕೊಂಡಿತು. ಬಡವರಿಗೆ ಭದ್ರವಾದ ಸೂರು ದೊರೆಯಬೇಕೆಂಬ ಉದ್ದೇಶ ಒಳ್ಳೆಯದೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಪ್ರೌಢಶಾಲೆಯ ಮಕ್ಕಳಿಗೆ ಇತಿಹಾಸ ಕಲಿಸಿದ ನನಗೆ ಈ ‘ಕಚ್ಚಾ’ ಎಂಬ ಒಂದು ಶಬ್ದ ಸಮಾಧಾನ ಕೊಡುವುದಿಲ್ಲ. ಸಾವಿರಾರು ವರ್ಷ ಜನರನ್ನು ಕಾಪಾಡಿದ ಒಂದು ವಿದ್ಯೆಯನ್ನು ನಾವು ಎರಡು ಅಕ್ಷರಗಳಲ್ಲಿ ಮುಗಿಸಿಬಿಟ್ಟೆವೇ? ಮಣ್ಣಿನ ಮನೆ ಸೋತದ್ದು ನಿಜ. ಅದು ಏಕೆ ಸೋತಿತು, ಎಲ್ಲಿ ಸೋತಿತು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ನಮ್ಮ ಬೇವೂರು ಬಾಗಲಕೋಟೆ ತಾಲೂಕಿನ ಬಯಲುನಾಡಿನ ಊರು. ಈ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ 600 ಮಿಲಿಮೀಟರಿಗಿಂತ ಕಡಿಮೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟುವುದು ಇಲ್ಲಿ ಸುದ್ದಿಯೇ ಅಲ್ಲ. ಹೀಗೆ ಮಳೆ ಕಡಿಮೆ, ಬಿಸಿಲು ಹೆಚ್ಚು ಇರುವ ಸೀಮೆಯಲ್ಲಿ ಮಲೆನಾಡಿನಂತೆ ಇಳಿಜಾರು ಮಾಡು ಬೇಕಾಗಿರಲಿಲ್ಲ. ನಮ್ಮ ಹಿರಿಯರು ಸಮತಟ್ಟಾದ ಮಣ್ಣಿನ ಮಾಳಿಗೆಯನ್ನು ಆರಿಸಿಕೊಂಡರು. ಆಡುಮಾತಿನಲ್ಲಿ ನಾವು ಅದನ್ನು ‘ಮ್ಯಾಳಗಿ’ ಎನ್ನುತ್ತೇವೆ.

ಇಂದಿನ ಮಕ್ಕಳು ಇಂಥ ಮನೆಯನ್ನು ಒಳಗಿನಿಂದ ನೋಡಿರುವುದು ಅಪರೂಪ. ಆದ್ದರಿಂದ ಅದರ ರಚನೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೊದಲು ಕಲ್ಲಿನ ತಳಪಾಯ. ಅದರ ಮೇಲೆ ಕಲ್ಲು ಮತ್ತು ಕೆಸರಿನ ಗೋಡೆ. ಕಲ್ಲು ದೂರವಿದ್ದ ಎರೆಸೀಮೆಯ ಊರುಗಳಲ್ಲಿ ಹಸಿ ಇಟ್ಟಿಗೆಯ ಗೋಡೆ. ಗೋಡೆಗೆ ಬೇಕಾದ ಮಣ್ಣಿಗೆ ಹೊಟ್ಟು ಬೆರೆಸಿ, ನೀರು ಹಾಕಿ, ಹಲವು ದಿನ ಕೊಳೆಯಲು ಬಿಟ್ಟು, ಎತ್ತುಗಳಿಂದಲೋ ಕಾಲಿನಿಂದಲೋ ತುಳಿಸಿ ಹದ ಮಾಡುತ್ತಿದ್ದರು. ಮನೆಯೊಳಗೆ ಕಂಬಗಳ ಸಾಲು. ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಒತ್ತಾಗಿ ಜೋಡಿಸಿದ ಜಂತಿಗಳು. ಕಂಬದಿಂದ ಕಂಬಕ್ಕೆ ಇರುವ ಜಾಗಕ್ಕೆ ಅಂಕಣವೆಂದು ಹೆಸರು. ಮನೆಯ ಅಳತೆಯನ್ನು ಚದರ ಅಡಿಗಳಲ್ಲಿ ಹೇಳುತ್ತಿರಲಿಲ್ಲ. ‘ಎಷ್ಟು ಅಂಕಣದ ಮನೆ?’ ಎಂದು ಕೇಳುತ್ತಿದ್ದರು. ಹೆಣ್ಣು ಕೊಡುವವರೂ ಅದನ್ನೇ ಕೇಳುತ್ತಿದ್ದರು.

ಜಂತಿಗಳ ಮೇಲೆ ಸಣ್ಣ ಕಟ್ಟಿಗೆ, ದಂಟು, ಅದರ ಮೇಲೆ ಬೇವಿನ ಸೊಪ್ಪು. ಗೆದ್ದಲು ಮತ್ತು ಹುಳ ದೂರವಿರಲೆಂದು ಬೇವು. ಅದರ ಮೇಲೆ ಹದಮಾಡಿದ ಕೆಸರು, ಎಲ್ಲಕ್ಕೂ ಮೇಲೆ ಒಂದು ವಿಶೇಷವಾದ ಮಣ್ಣು. ಹೊಲದ ಕಪ್ಪು ಎರೆಮಣ್ಣು ಮಾಳಿಗೆಗೆ ಸಲ್ಲದು. ನೆನೆದಾಗ ಅದು ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಅದಕ್ಕಾಗಿ ಹಳೆಯ ಪಾಳು ಊರಿನ ದಿನ್ನೆಯ ಬೂದುಬಣ್ಣದ ಮಣ್ಣನ್ನು ಅಗೆದು ತರುತ್ತಿದ್ದರು. ಹಾಳುಮಣ್ಣು ಎಂದೇ ಅದರ ಹೆಸರು. ಶತಮಾನಗಳ ಬೂದಿ, ಗೊಬ್ಬರ, ಕುಸಿದ ಗೋಡೆ ಎಲ್ಲ ಸೇರಿ ಆದ ಆ ಮಣ್ಣು ಬಿರಿಯದೆ ಕೂಡಿಕೊಂಡು ನೀರನ್ನು ತಡೆಯುತ್ತಿತ್ತು. ಇತಿಹಾಸದ ವಿದ್ಯಾರ್ಥಿಗಳಿಗೆ ಇದರಲ್ಲಿ ಒಂದು ಸಂಕಟವೂ ಉಂಟು: ದಖನ್ನಿನ ಎಷ್ಟೋ ಪ್ರಾಚೀನ ನೆಲೆಗಳು ಹೀಗೆ ಬಂಡಿಬಂಡಿಯಾಗಿ ಮಾಳಿಗೆ ಏರಿ ಹೋದವು. ಹಳೆಯ ಊರು ಹೊಸ ಊರಿನ ತಲೆಯ ಮೇಲೆ ಕುಳಿತುಕೊಂಡಿತು ಎನ್ನಬಹುದು.

ಮಾಳಿಗೆಯ ನಡುವೆ ಬೆಳಕಿಂಡಿ, ಅಂಚಿಗೆ ಕುಂಬಿ, ನೀರು ಹೊರಬೀಳಲು ಕಲ್ಲಿನದೋ ಕಟ್ಟಿಗೆಯದೋ ದೋಣಿ. ಬೇಸಿಗೆಯ ರಾತ್ರಿ ಮನೆಮಂದಿಯೆಲ್ಲ ಮಲಗುವುದು ಮಾಳಿಗೆಯ ಮೇಲೆಯೇ. ಮೆಣಸಿನಕಾಯಿ, ಶೇಂಗಾ, ಸಂಡಿಗೆ, ಹಪ್ಪಳ ಒಣಗುವುದೂ ಅಲ್ಲಿಯೇ.

ಈ ಕಟ್ಟಡ ಪದ್ಧತಿ ಎಷ್ಟು ಹಳೆಯದು? ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯಲ್ಲಿ 1960ರ ದಶಕದಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅವರು ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ವೃತ್ತಾಕಾರದ ಗುಡಿಸಲುಗಳ ಕುರುಹು ಬೆಳಕಿಗೆ ಬಂದವು. ಕಟ್ಟಿಗೆ ಮತ್ತು ಮಣ್ಣು ಅಂದಿನಿಂದಲೂ ಜೊತೆಗಾರರು. ಇನ್ನು ಕಂಬ, ತೊಲೆ, ಜಂತಿಗಳ ಮನೆಗೆ ಸಾಕ್ಷಿ ಬೇಕಾದರೆ ನಮ್ಮ ಜಿಲ್ಲೆಯ ಕಲ್ಲುಗಳನ್ನೇ ಕೇಳಬೇಕು. ಬಾದಾಮಿಯ ಮೂರನೆಯ ಗುಹೆಯನ್ನು ಚಾಲುಕ್ಯ ಮಂಗಳೇಶನು ಕ್ರಿ.ಶ. 578ರಲ್ಲಿ ಪೂರ್ಣಗೊಳಿಸಿದ. ಅಲ್ಲಿ ಇಡಿಯ ಬಂಡೆಯನ್ನೇ ಕೊರೆದಿದ್ದಾರೆ. ತೊಲೆಯ ಆಧಾರವೇ ಬೇಕಿಲ್ಲ. ಆದರೂ ಶಿಲ್ಪಿ ಕಂಬದ ಮೇಲೆ ತೊಲೆಯನ್ನು ಬಿಡಿಸಿದ್ದಾನೆ. ಐಹೊಳೆಯ ಲಾಡಖಾನ ಗುಡಿಯ ಮೇಲ್ಛಾವಣಿಯಲ್ಲಿ ಕಲ್ಲಿನ ಹಾಸುಗಳ ಸಂದುಗಳನ್ನು ಮರದ ದಿಮ್ಮಿಯ ಆಕಾರದ ಉದ್ದನೆಯ ಕಲ್ಲುಗಳಿಂದ ಮುಚ್ಚಿದ್ದಾರೆ. ಕಟ್ಟಿಗೆಯ ಕೆಲಸದಲ್ಲಿ ಕೈ ಪಳಗಿದವರು ಕಲ್ಲಿಗೆ ಕೈಹಚ್ಚಿದಾಗ ಹೀಗಾಗುತ್ತದೆ. ಗುಡಿಗಳು ಉಳಿದವು, ಅವುಗಳಿಗೆ ಮಾದರಿಯಾದ ಮನೆಗಳು ಮಣ್ಣಿಗೆ ಮಣ್ಣಾದವು. ಪ್ರವಾಸಿಗರು ಐಹೊಳೆಯನ್ನು ನೋಡಲು ಬರುತ್ತಾರೆ. ಗುಡಿಯ ಪಕ್ಕದ ಮನೆಯ ತೊಲೆ ಬೋದಿಗೆಗಳನ್ನು ತಲೆಯೆತ್ತಿ ನೋಡುವವರು ಕಡಿಮೆ.

ಇನ್ನು ಪಶ್ಚಿಮ ಆಫ್ರಿಕಾದ ಮಾತಿಗೆ ಬರೋಣ. ಬಾಗಲಕೋಟೆಯ ಲೇಖನದಲ್ಲಿ ಆಫ್ರಿಕಾ ಏಕೆ ಎಂದು ಓದುಗ ಮಿತ್ರರು ಕೇಳಬಹುದು. ಭೂಪಟವನ್ನು ಬಿಡಿಸಿ ನೋಡಿ. ನಮ್ಮ ನೆರೆಯ ವಿಜಯಪುರ ಸುಮಾರು 16.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅದೇ ಅಕ್ಷಾಂಶದ ಗೆರೆಯನ್ನು ಪಶ್ಚಿಮಕ್ಕೆ ಎಳೆಯುತ್ತ ಹೋದರೆ, ಅರಬ್ಬೀ ಸಮುದ್ರ ಮತ್ತು ಆಫ್ರಿಕಾದ ಮರಳುಗಾಡಿನ ಅಂಚನ್ನು ದಾಟಿ, ಅದು ಮಾಲಿ ದೇಶದ ಟಿಂಬಕ್ಟು ಪಟ್ಟಣದ ಹತ್ತಿರ ಹಾಯುತ್ತದೆ. ಸಹಾರಾದ ದಕ್ಷಿಣ ಅಂಚಿನ ಈ ಪಟ್ಟಿಗೆ ಸಾಹೇಲ್ ಎಂದು ಹೆಸರು. ಅಲ್ಲಿಯೂ ಮಳೆ ಬರುವುದು ವರ್ಷದ ಕೆಲವೇ ತಿಂಗಳು. ಅಲ್ಲಿಯೂ ಜೋಳ ಸಜ್ಜೆಗಳೇ ಮುಖ್ಯ ಬೆಳೆ. ಅಲ್ಲಿಯೂ ಹಸಿ ಇಟ್ಟಿಗೆಯ ಗೋಡೆ, ಕಟ್ಟಿಗೆಯ ಜಂತಿ, ಮಣ್ಣಿನ ಸಮತಟ್ಟು ಮಾಳಿಗೆ. ಒಬ್ಬರಿಂದ ಇನ್ನೊಬ್ಬರು ಕಲಿತರೆಂದು ನಾನು ಹೇಳುತ್ತಿಲ್ಲ. ಒಂದೇ ಬಗೆಯ ಬಿಸಿಲು, ಒಂದೇ ಬಗೆಯ ಬಡತನ ಎರಡು ನಾಡುಗಳ ಜನರಿಗೆ ಒಂದೇ ಬಗೆಯ ಉತ್ತರವನ್ನು ಕಲಿಸಿವೆ.

ಮಾಲಿಯ ಸಾಮ್ರಾಟ ಮನ್ಸಾ ಮೂಸಾ 1324ರಲ್ಲಿ ಮೆಕ್ಕಾ ಯಾತ್ರೆ ಮಾಡಿದವನು. ಅವನ ಕಾಲದಲ್ಲಿ, 1327ರ ಸುಮಾರಿಗೆ, ಟಿಂಬಕ್ಟುವಿನಲ್ಲಿ ಕಟ್ಟಿದ ಜಿಂಗರೆಬೆರ್ ಮಸೀದಿ ಬಹುಮಟ್ಟಿಗೆ ಮಣ್ಣಿನದೇ. ಅದು ಇಂದಿಗೂ ನಿಂತಿದೆ. ಅದೇ ದೇಶದ ಜೆನ್ನೆ ಪಟ್ಟಣದ ದೊಡ್ಡ ಮಸೀದಿಯನ್ನು ಹಳೆಯ ಮಸೀದಿಯ ಜಾಗದಲ್ಲಿ 1907ರಲ್ಲಿ ಮರಳಿ ಕಟ್ಟಿದರು. ಜಗತ್ತಿನ ಅತಿ ದೊಡ್ಡ ಮಣ್ಣಿನ ಕಟ್ಟಡಗಳಲ್ಲಿ ಅದೂ ಒಂದು. ಅದರ ಗೋಡೆಗಳಿಂದ ತಾಳೆಯ ಮರದ ತುಂಡುಗಳು ಸಾಲಾಗಿ ಹೊರಚಾಚಿವೆ. ಅವು ಅಂದಕ್ಕಾಗಿ ಮಾತ್ರ ಇಟ್ಟವಲ್ಲ. ಗೋಡೆಗೆ ಮಣ್ಣು ಮೆತ್ತುವಾಗ ಹತ್ತಿ ನಿಲ್ಲಲು ಅವೇ ಮೆಟ್ಟಿಲು. ಪ್ರತಿ ವರ್ಷ ಒಂದು ದಿನ ಊರಿಗೆ ಊರೇ ಸೇರಿ ಆ ಮಸೀದಿಗೆ ಹೊಸ ಮಣ್ಣು ಮೆತ್ತುತ್ತದೆ. ಬಾನಿ ನದಿಯ ಮಣ್ಣಿಗೆ ಭತ್ತದ ಹೊಟ್ಟು ಬೆರೆಸಿ ದಿನಗಟ್ಟಲೆ ಕೊಳೆಸಿರುತ್ತಾರೆ. ಹೆಣ್ಣುಮಕ್ಕಳು ನೀರು ತರುತ್ತಾರೆ, ಹುಡುಗರು ಬುಟ್ಟಿಯಲ್ಲಿ ಕೆಸರು ಹೊತ್ತು ಓಡುತ್ತಾರೆ, ಗೌಂಡಿಗಳ ಸಂಘದ ಹಿರಿಯರು ಮೇಲ್ವಿಚಾರಣೆ ನಡೆಸುತ್ತಾರೆ. ಅದು ಅವರಿಗೆ ಹಬ್ಬ. 1988ರಲ್ಲಿ ಜೆನ್ನೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಒಳಯುದ್ಧದ ಅಶಾಂತಿಯ ಕಾರಣ 2016ರಲ್ಲಿ ಅದನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿಸಬೇಕಾಯಿತು.

ಮಾಲಿಯ ದಕ್ಷಿಣದ ನೆರೆರಾಷ್ಟ್ರ ಬುರ್ಕಿನಾ ಫಾಸೋ. ಅಲ್ಲಿನ ಕಸ್ಸೇನಾ ಜನರ ಟಿಯೆಬೆಲೆ ಎಂಬ ಊರಿನ ಅರಸುಮನೆ 2024ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ಮದುವೆಯಾಗದ ಯುವಕರಿಗೆ ದುಂಡನೆಯ ಮನೆ, ಹೊಸ ದಂಪತಿಗೆ ಚೌಕದ ಮನೆ, ವಯಸ್ಸಾದವರಿಗೆ ಮತ್ತು ಮಕ್ಕಳಿಗೆ ಎರಡು ದುಂಡು ಕೂಡಿಸಿದ ಎಂಟರ ಅಂಕಿಯ ಆಕಾರದ ಮನೆ. ಮಾಳಿಗೆಯ ಮೇಲೆ ಕಾಳು ಒಣಗಿಸುತ್ತಾರೆ. ಗೋಡೆಗೆ ಸಾರಣೆ ಮಾಡಿ ಬಣ್ಣದ ಚಿತ್ತಾರ ಬರೆಯುವವರು ಹೆಂಗಸರು. ಒಂದು ಜಾತಿಯ ಮರದ ಕಾಯಿಯ ಸಿಪ್ಪೆಯನ್ನು ಕುದಿಸಿ, ಆ ನೀರನ್ನು ಮೇಲೆ ಬಳಿದು ಗೋಡೆಗೆ ಹೊಳಪನ್ನೂ ಗಟ್ಟಿತನವನ್ನೂ ಕೊಡುತ್ತಾರೆ. ನಮ್ಮಲ್ಲಿ ಸುಣ್ಣದ ಗಾರೆಗೆ ಬೆಲ್ಲದ ನೀರು, ಅಳಲೆಕಾಯಿಯ ನೀರು ಬೆರೆಸುತ್ತಿದ್ದುದು ಹಿರಿಯರಿಗೆ ನೆನಪಿರಬಹುದು.

ಈ ಎರಡೂ ನಾಡುಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮಣ್ಣಿನ ಮನೆ ಎಂದರೆ ಒಮ್ಮೆ ಕಟ್ಟಿ ಮುಗಿಸುವ ವಸ್ತುವಲ್ಲ. ಅದು ವರ್ಷಾವರ್ಷ ನಡೆಯಬೇಕಾದ ಒಂದು ಆರೈಕೆ. ನಮ್ಮ ಊರುಗಳಲ್ಲಿ ಮಿರಗ ಕೂಡುವ ಮೊದಲು ಮಾಳಿಗೆಗೆ ಹೊಸ ಮಣ್ಣು ಹಾಕಿ ಬಡಿಯುವುದು, ಮೊಳೆತ ಹುಲ್ಲು ಕೀಳುವುದು, ದೋಣಿಯ ಬಾಯಿ ಬಿಡಿಸುವುದು, ಹಬ್ಬಕ್ಕೆ ಗೋಡೆ ಸಾರಿಸಿ ಸುಣ್ಣ ಕೆಮ್ಮಣ್ಣು ಬಳಿಯುವುದು ಬಿತ್ತನೆಯಷ್ಟೇ ನಿಯಮಿತವಾದ ಕೆಲಸವಾಗಿತ್ತು. ಒಂದು ವರ್ಷ ತಪ್ಪಿದರೆ ಮನೆ ಸೋರುತ್ತದೆ. ಮೂರು ವರ್ಷ ತಪ್ಪಿದರೆ ಜಂತಿ ಕೊಳೆಯುತ್ತದೆ. ಐದನೆಯ ವರ್ಷ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ.

ಈ ಆರೈಕೆ ಏಕೆ ನಿಂತಿತು? ದುಡಿಯುವ ಕೈಗಳು ಗೋವಾ, ಮಂಗಳೂರು, ಬೆಂಗಳೂರುಗಳಿಗೆ ಗುಳೆ ಹೋದವು. ಮಾಳಿಗೆಗೆ ಬೇಕಾದ ಸಾಗವಾನಿ, ಮತ್ತಿ, ಬೇವಿನ ಮರಗಳು ದುಬಾರಿಯಾದವು. ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ಸಾರಿಸುವ, ಬಳಿಯುವ, ನೀರು ಹೊರುವ ಕೆಲಸ ನಮ್ಮಲ್ಲಿ ಬಹುತೇಕ ಹೆಣ್ಣುಮಕ್ಕಳ ಪಾಲಿಗೇ ಬರುತ್ತಿತ್ತು. ನಸುಕಿನಲ್ಲಿ ಎದ್ದು ಸಗಣಿ ಹಿಡಿದು ನೆಲ ಸಾರಿಸುತ್ತಿದ್ದ ನಮ್ಮ ತಾಯಂದಿರು, ಅತ್ತಿಗೆಯರು ಆ ಮನೆಯ ಬಗ್ಗೆ ಬರೆದಿದ್ದರೆ ಇಷ್ಟು ಮಧುರವಾಗಿ ಬರೆಯುತ್ತಿರಲಿಲ್ಲ. ಬಂಡೆಗಲ್ಲಿನ ನೆಲ ಬಂದ ದಿನ ಅವರು ನಿಟ್ಟುಸಿರು ಬಿಟ್ಟರು. ಹಳೆಯದೆಲ್ಲ ಒಳ್ಳೆಯದಾಗಿತ್ತು ಎಂಬ ಹಾಡನ್ನು ಹಾಡುವವರು ಸಾಮಾನ್ಯವಾಗಿ ಆ ಕೆಲಸ ಮಾಡದವರು.

ಮಣ್ಣಿನ ಮಾಳಿಗೆಯ ಇನ್ನೊಂದು ದೋಷ ಅದರ ಭಾರ. ಶಾಲೆಯ ಮಕ್ಕಳೂ ಮಾಡಬಹುದಾದ ಲೆಕ್ಕವಿದು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಜಾಗದ ಮೇಲೆ ಒಂದು ಅಡಿ ದಪ್ಪದ ಮಣ್ಣು ಎಂದರೆ 100 ಘನ ಅಡಿ. ಒಂದು ಘನ ಅಡಿ ಮಣ್ಣು ಸುಮಾರು 45ರಿಂದ 50 ಕಿಲೋ ತೂಗುತ್ತದೆ. ಅಂದರೆ ಒಂದು ಸಣ್ಣ ಕೋಣೆಯಲ್ಲಿ ಮಲಗಿದವರ ತಲೆಯ ಮೇಲೆ ನಾಲ್ಕೂವರೆಯಿಂದ ಐದು ಟನ್ ಭಾರ. ನೀರು ಕುಡಿದಾಗ ಇನ್ನೂ ಹೆಚ್ಚು. ವರ್ಷಾವರ್ಷ ಹಳೆಯ ಮಣ್ಣನ್ನು ತೆಗೆಯದೆ ಹೊಸದನ್ನು ಹಾಕುತ್ತ ಹೋದ ಮನೆಗಳಲ್ಲಿ ದಪ್ಪ ಎರಡು ಅಡಿಗೆ ಏರಿದ್ದೂ ಉಂಟು.

ಈ ಭಾರ ಏನು ಮಾಡಬಲ್ಲದು ಎಂಬುದನ್ನು ನಮ್ಮ ತಲೆಮಾರು ಕಣ್ಣಾರೆ ಕಂಡಿತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಸಾವಿರಾರು ಜನ ಮಲಗಿದಲ್ಲೇ ಸತ್ತರು. ಅಲ್ಲಿಯೂ ನಮ್ಮಂತೆಯೇ ಕಲ್ಲು ಕೆಸರಿನ ಗೋಡೆ, ಭಾರವಾದ ಮಣ್ಣಿನ ಮಾಳಿಗೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರದಲ್ಲಿ ಉತ್ತರ ಕರ್ನಾಟಕದ ಮೇಲೆ ಎಡೆಬಿಡದೆ ಮಳೆ ಸುರಿಯಿತು. ಕೃಷ್ಣಾ, ಮಲಪ್ರಭಾ, ತುಂಗಭದ್ರಾ ನದಿಗಳು ಉಕ್ಕಿದವು. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ನದಿಯಿಂದ ದೂರವಿದ್ದ ಊರುಗಳಲ್ಲೂ ಮನೆಗಳು ಬಿದ್ದವು. ಮೇಲೆ ನೆನೆದ ಮಾಳಿಗೆ, ಕೆಳಗೆ ನೆನೆದ ಗೋಡೆಯ ಬುಡ, ನಡುವೆ ಕೊಳೆತ ಜಂತಿ. ಮೂರೂ ಸೇರಿ ಮನೆ ಕುಸಿಯಿತು. 2019ರ ಆಗಸ್ಟ್ ತಿಂಗಳಲ್ಲಿ ಮತ್ತೆ ಪ್ರವಾಹ ಬಂದಿತು.

ಹೀಗಾದ ಮೇಲೆ ಜನ ಮಣ್ಣಿಗೆ ಹೆದರಿದರೆ ಅವರನ್ನು ದೂರುವಂತಿಲ್ಲ. 2009ರ ನಂತರ ದಾನಿಗಳ ನೆರವಿನೊಂದಿಗೆ ಸರಕಾರ ‘ಆಸರೆ’ ಮನೆಗಳನ್ನು ಕಟ್ಟಿಸಿತು. ಅದಕ್ಕೂ ಮೊದಲೇ ನಮ್ಮ ಜಿಲ್ಲೆ ಇನ್ನೊಂದು ದೊಡ್ಡ ಸ್ಥಳಾಂತರವನ್ನು ಕಂಡಿತ್ತು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲಿಟ್ಟರು. ಹಿನ್ನೀರು ಏರಿದಂತೆ ಹಳೆಯ ಬಾಗಲಕೋಟೆಯ ಓಣಿಗಳು, ನದಿ ದಂಡೆಯ ಹಳ್ಳಿಗಳು ಮುಳುಗಡೆಗೆ ಸೇರಿದವು. ಪರಿಹಾರ ಪಡೆದ ಜನ ತಮ್ಮ ಮನೆಯ ಬಾಗಿಲು, ಕಂಬ, ತೊಲೆಗಳನ್ನು ಬಿಚ್ಚಿ ಬಂಡಿಯಲ್ಲಿ ಹೇರಿಕೊಂಡು ಹೋದರು. ನವನಗರದ ಯೋಜನೆಯನ್ನು ಸಿದ್ಧಪಡಿಸಿದವರು ಪ್ರಸಿದ್ಧ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಸೆಕ್ಟರುಗಳಾಗಿ ಬೆಳೆದ ಆ ಊರಿನಲ್ಲಿ ಮನೆಗಳು ಆರ್‌ಸಿಸಿ ಆದವು. ಹಳ್ಳಿಗಳೂ ಅದನ್ನೇ ಅನುಸರಿಸಿದವು. ನಾನೂ ಇಂದು ಆರ್‌ಸಿಸಿ ಮನೆಯಲ್ಲೇ ವಾಸಿಸುತ್ತೇನೆ. ಸೋರುವುದಿಲ್ಲ, ಚೇಳು ಬೀಳುವುದಿಲ್ಲ, ವರ್ಷಕ್ಕೊಮ್ಮೆ ಮಣ್ಣು ಹೊರಬೇಕಾಗಿಲ್ಲ. ಆದರೆ ಏಪ್ರಿಲ್ ಮೇ ತಿಂಗಳ ರಾತ್ರಿ ನಾಲ್ಕೈದು ಇಂಚಿನ ಸ್ಲ್ಯಾಬು ಹಗಲೆಲ್ಲ ಕುಡಿದ ಬಿಸಿಲನ್ನು ಕೆಳಗೆ ಮಲಗಿದವರ ಮೇಲೆ ಸುರಿಯುತ್ತದೆ. ಕರೆಂಟು ಹೋದರೆ ಮುದುಕರು, ಕೂಸುಗಳು ಒದ್ದಾಡುತ್ತಾರೆ. ಇರುವವರು ಕೂಲರು, ಎಸಿ ಹಾಕಿಸಿಕೊಂಡಾರು. ಎರಡು ಕೋಣೆಯ ಆಶ್ರಯ ಮನೆಯವರು ಏನು ಮಾಡಬೇಕು?

ಇದೇ ಪ್ರಶ್ನೆಗೆ ಉತ್ತರ ಹುಡುಕಿದವರು ಬುರ್ಕಿನಾ ಫಾಸೋದ ಫ್ರಾನ್ಸಿಸ್ ಕೆರೆ. 1965ರಲ್ಲಿ ಗಾಂಡೋ ಎಂಬ ಹಳ್ಳಿಯಲ್ಲಿ ಹುಟ್ಟಿದ ಈತನಿಗೆ ಊರಲ್ಲಿ ಶಾಲೆಯಿರಲಿಲ್ಲ. ಏಳನೆಯ ವಯಸ್ಸಿಗೇ ಮನೆ ಬಿಟ್ಟು ಬೇರೆ ಊರಿಗೆ ಹೋಗಿ, ಕತ್ತಲೆ ಮತ್ತು ಸೆಕೆಯಿಂದ ತುಂಬಿದ ಸಿಮೆಂಟಿನ ಕೋಣೆಯಲ್ಲಿ ಕುಳಿತು ಕಲಿತರು. ಬಡಿಗತನದ ವಿದ್ಯಾರ್ಥಿವೇತನ ಪಡೆದು ಜರ್ಮನಿಗೆ ಹೋದರು. ಬರ್ಲಿನ್ನಿನಲ್ಲಿ ವಾಸ್ತುಶಿಲ್ಪ ಓದುತ್ತಿರುವಾಗಲೇ ಹಣ ಕೂಡಿಸಿ 2001ರಲ್ಲಿ ತಮ್ಮ ಹಳ್ಳಿಗೆ ಶಾಲೆ ಕಟ್ಟಿಸಿದರು. ಮಣ್ಣಿನಿಂದ ಕಟ್ಟುತ್ತೇನೆ ಎಂದಾಗ ಊರವರು ಒಪ್ಪಲಿಲ್ಲ. ಮಣ್ಣು ಮಳೆಗೆ ನಿಲ್ಲುವುದಿಲ್ಲ ಎಂಬುದು ಅವರ ಅನುಭವ. ವಿದೇಶದಲ್ಲಿ ಕಲಿತು ಬಂದವನು ನಮಗೆ ಮತ್ತೆ ಮಣ್ಣನ್ನೇ ಕೊಡುವುದೇ ಎಂಬುದು ಅವರ ಬೇಸರ. ನಮ್ಮ ಊರಿನ ಕಟ್ಟೆಯ ಮೇಲೆ ಕುಳಿತವರೂ ಇದೇ ಮಾತನ್ನು ಆಡುತ್ತಿದ್ದರು.

ಕೆರೆ ಅವರ ಜಾಣತನ ಕಾಣುವುದು ಇಲ್ಲಿಯೇ. ಅವರು ಹಳೆಯ ಮನೆಯ ಆಕಾರವನ್ನು ನಕಲು ಮಾಡಲಿಲ್ಲ. ಅದರ ದೌರ್ಬಲ್ಯ ಎಲ್ಲಿದೆ ಎಂದು ನೋಡಿದರು. ಗೋಡೆಗೆ ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆ ಬಳಸಿದರು. ಒಳಗಿನ ಛಾವಣಿಗೂ ಮಣ್ಣಿನ ಇಟ್ಟಿಗೆಯನ್ನೇ ಹಾಸಿ ಗಾಳಿಯಾಡಲು ಸಂದು ಬಿಟ್ಟರು. ಅದರ ಮೇಲೆ, ಗೋಡೆಗೆ ತಾಗದಂತೆ, ಕಬ್ಬಿಣದ ಸರಳುಗಳ ಹಗುರವಾದ ಚೌಕಟ್ಟಿನ ಮೇಲೆ ತಗಡನ್ನು ಎತ್ತರಿಸಿ ನಿಲ್ಲಿಸಿದರು. ತಗಡು ಅಗಲವಾಗಿ ಹೊರಚಾಚಿ ಗೋಡೆಗೆ ಕೊಡೆ ಹಿಡಿಯುತ್ತದೆ. ಬಿಸಿಗಾಳಿ ಎರಡು ಸೂರುಗಳ ನಡುವಿನಿಂದ ಹೊರಟುಹೋಗುತ್ತದೆ. ಮಳೆಯೂ ಇಲ್ಲ, ಭಾರವೂ ಇಲ್ಲ, ಸೆಕೆಯೂ ಇಲ್ಲ. ಕಟ್ಟಿದವರು ಗಾಂಡೋದ ಜನರೇ. ಕಲಿತ ಕೆಲಸ ಮುಂದೆ ಅವರ ಅನ್ನಕ್ಕೂ ದಾರಿಯಾಯಿತು. 2004ರಲ್ಲಿ ಆ ಶಾಲೆಗೆ ಆಗಾಖಾನ್ ಪ್ರಶಸ್ತಿ ಬಂದಿತು. 2022ರಲ್ಲಿ ಕೆರೆ ಅವರಿಗೆ ವಾಸ್ತುಶಿಲ್ಪದ ಅತ್ಯುನ್ನತ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ದೊರೆಯಿತು. ಆ ಪ್ರಶಸ್ತಿ ಪಡೆದ ಮೊದಲ ಆಫ್ರಿಕನ್ನರು ಅವರು.

ಇದು ಒಬ್ಬರ ಸಾಹಸ ಮಾತ್ರವಲ್ಲ. ನೈಜರ್ ದೇಶದ ದಂದಾಜಿ ಎಂಬ ಹಳ್ಳಿಯಲ್ಲಿ ಪಾಳುಬೀಳುತ್ತಿದ್ದ ಹಳೆಯ ಮಣ್ಣಿನ ಮಸೀದಿಯನ್ನು ಮರಿಯಮ್ ಕಮಾರಾ ಮತ್ತು ಯಾಸಮನ್ ಇಸ್ಮಾಯಿಲಿ ಎಂಬ ಇಬ್ಬರು ಮಹಿಳಾ ವಾಸ್ತುಶಿಲ್ಪಿಗಳು 2018ರಲ್ಲಿ ಗ್ರಂಥಾಲಯವಾಗಿ ಮಾರ್ಪಡಿಸಿದರು. ಪಕ್ಕದಲ್ಲಿ ಒತ್ತಿದ ಮಣ್ಣಿಟ್ಟಿಗೆಯ ಹೊಸ ಮಸೀದಿ ಕಟ್ಟಿದರು. ಹಳೆಯ ಮಸೀದಿಯನ್ನು ಕಟ್ಟಿದ್ದ ಗೌಂಡಿಗಳನ್ನೇ ಕರೆದು ಕೆಲಸಕ್ಕೆ ಹಚ್ಚಿದರು. ಮರವೇ ಸಿಗದ ಸಾಹೇಲ್ ಪ್ರದೇಶಕ್ಕಾಗಿ ಫ್ರಾನ್ಸಿನ ಗೌಂಡಿ ತೋಮಾ ಗ್ರಾನಿಯೆ ಮತ್ತು ಬುರ್ಕಿನಾ ಫಾಸೋದ ರೈತ ಸೇರಿ ಯೂಲು 2000ದಲ್ಲಿ ಒಂದು ಸಂಸ್ಥೆ ಕಟ್ಟಿದರು. ಈಜಿಪ್ಟಿನ ನ್ಯೂಬಿಯಾ ಸೀಮೆಯ ಪ್ರಾಚೀನ ಪದ್ಧತಿಯಂತೆ, ಒಂದು ತೊಲೆಯೂ ಇಲ್ಲದೆ ಹಸಿ ಇಟ್ಟಿಗೆಯಿಂದಲೇ ಕಮಾನು ಸೂರು ಕಟ್ಟುವುದನ್ನು ಆ ಸಂಸ್ಥೆ ಹಳ್ಳಿಯ ಗೌಂಡಿಗಳಿಗೆ ಕಲಿಸುತ್ತ ಬಂದಿದೆ. ಇದೇ ಕಮಾನನ್ನು ಈಜಿಪ್ಟಿನ ಹಸನ್ ಫತೇಹಿ 1940ರ ದಶಕದಲ್ಲೇ ಹೊಸ ಗುರ್ನಾ ಎಂಬ ಊರಿನಲ್ಲಿ ಬಳಸಿದ್ದರು. ಸ್ಥಳಾಂತರಿಸಬೇಕಾಗಿದ್ದ ಜನ ಅಲ್ಲಿಗೆ ಹೋಗಲು ಒಪ್ಪದ ಕಾರಣ ಆ ಊರು ಪೂರ್ತಿಯಾಗಲಿಲ್ಲ. ಮುಳುಗಡೆಯ ಜಿಲ್ಲೆಯವರಾದ ನಮಗೆ ಅದು ಅರ್ಥವಾಗದ ಸಂಗತಿಯಲ್ಲ. ಮನೆ ಎಷ್ಟೇ ಚೆನ್ನಾಗಿರಲಿ, ಅದರಲ್ಲಿ ಇರುವವರನ್ನು ಕೇಳದೆ ಕಟ್ಟಿದರೆ ಖಾಲಿ ಉಳಿಯುತ್ತದೆ.

ಹಾಗೆಂದು ಎಲ್ಲವನ್ನೂ ಆಫ್ರಿಕಾದಿಂದಲೇ ತರಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಆರಂಭವಾಯಿತು. ವಿಜ್ಞಾನವನ್ನು ಹಳ್ಳಿಗೆ ಒಯ್ಯುವುದು ಅದರ ಗುರಿ. ಅಲ್ಲಿ ಪ್ರೊ. ಕೆ. ಎಸ್. ಜಗದೀಶ್ ಮತ್ತು ಅವರ ಸಹೋದ್ಯೋಗಿಗಳು ಒತ್ತಿದ ಮಣ್ಣಿನ ಇಟ್ಟಿಗೆಯ ಮೇಲೆ ದಶಕಗಳ ಕಾಲ ಪ್ರಯೋಗ ನಡೆಸಿದರು. ಮಣ್ಣಿನಲ್ಲಿ ಮರಳಿನ ಪ್ರಮಾಣ ಹೆಚ್ಚಾಗಿ, ಜೇಡಿಯ ಪ್ರಮಾಣ ಕಡಿಮೆಯಾಗಿ ಇರಬೇಕು. ಅದಕ್ಕೆ ನೂರಕ್ಕೆ ಐದರಿಂದ ಎಂಟು ಪಾಲು ಸಿಮೆಂಟು ಬೆರೆಸಿ, ಕೈಯಿಂದ ನಡೆಸುವ ಯಂತ್ರದಲ್ಲಿ ಒತ್ತಿ, ಎರಡು ಮೂರು ವಾರ ನೀರು ಚಿಮುಕಿಸಿ ನೆರಳಿನಲ್ಲಿ ಇಡಬೇಕು. ಸುಡುವ ಕೆಲಸವಿಲ್ಲ, ಕಟ್ಟಿಗೆಯ ಖರ್ಚಿಲ್ಲ. ಇಂಥ ಇಟ್ಟಿಗೆಗೆ ಐಎಸ್ 1725 ಎಂಬ ಸರಕಾರಿ ಮಾನಕವೂ ಇದೆ. ಬೆಂಗಳೂರಿನಲ್ಲಿ ಇದರಿಂದ ಕಟ್ಟಿದ ಎಷ್ಟೋ ಮನೆಗಳಲ್ಲಿ ಅನುಕೂಲಸ್ಥರು ಸಂತೋಷದಿಂದ ವಾಸಿಸುತ್ತಿದ್ದಾರೆ. ಪುದುಚೇರಿಯ ಹತ್ತಿರದ ಆರೋವಿಲ್‌ನಲ್ಲಿಯೂ ಮಣ್ಣಿನ ಕಟ್ಟಡದ ತರಬೇತಿ ನಡೆಯುತ್ತದೆ. ವಿಚಿತ್ರವೆಂದರೆ, ನಗರದ ಶ್ರೀಮಂತನ ಮಣ್ಣಿನ ಮನೆ ಪರಿಸರಸ್ನೇಹಿ ಎನಿಸಿಕೊಳ್ಳುತ್ತದೆ. ಹಳ್ಳಿಯ ಬಡವನ ಮಣ್ಣಿನ ಮನೆ ಕಚ್ಚಾ ಎನಿಸಿಕೊಳ್ಳುತ್ತದೆ.

ಹಾಗಾದರೆ ಬೇವೂರಿನಲ್ಲಿ ಇಂದು ಯಾರಾದರೂ ಮಣ್ಣಿನ ಮನೆ ಕಟ್ಟುವುದಾದರೆ ಹೇಗೆ ಕಟ್ಟಬೇಕು? ಮೇಲಿನ ಇತಿಹಾಸವೇ ಅದನ್ನು ಹೇಳುತ್ತದೆ. ಮೊದಲನೆಯದು, ಮನೆಗೆ ತಲೆಯ ಮೇಲೆ ಕೊಡೆ, ಕಾಲಿಗೆ ಕೆರ ಎರಡೂ ಬೇಕು. ಬಾದಾಮಿ, ಇಳಕಲ್ಲುಗಳ ಕಲ್ಲು ನಮ್ಮ ಜಿಲ್ಲೆಗೆ ದೇವರು ಕೊಟ್ಟ ವರ. ನೆಲದಿಂದ ಎರಡು ಅಡಿಯಾದರೂ ಎತ್ತರದ ಕಲ್ಲಿನ ಅಡಿಪಾಯ ಇರಲಿ. ಎರಡನೆಯದು, ಎರೆಮಣ್ಣು ಗೋಡೆಗೆ ಬೇಡ. ಹುನಗುಂದ ಇಳಕಲ್ಲು ಕಡೆಯ ಕೆಂಪು ಮರಳುಮಣ್ಣು ಒಳ್ಳೆಯದು, ಅದೂ ಪರೀಕ್ಷೆ ಮಾಡಿದ ಮೇಲೆ. ಮೂರನೆಯದು, ಮಣ್ಣು ಗೋಡೆಯಲ್ಲಿರಲಿ, ಸೂರಿನಿಂದ ಇಳಿಯಲಿ. ಹಂಚೋ, ಎತ್ತರಿಸಿದ ತಗಡೋ, ಯಾವುದಾದರೂ ಹಗುರವಾದ, ಹೊರಚಾಚಿದ ಸೂರು ಇರಲಿ. ನಾಲ್ಕನೆಯದು, ಬಾಗಿಲಿನ ಮೇಲ್ಮಟ್ಟದಲ್ಲಿ ಗೋಡೆಗಳನ್ನೆಲ್ಲ ಬಿಗಿಯುವ ಕಾಂಕ್ರೀಟಿನ ಪಟ್ಟಿ ಬೇಕು. ಅದು ಕಿಲ್ಲಾರಿ ಕಲಿಸಿದ ಪಾಠ. ಐದನೆಯದು, ನದಿಯ ದಂಡೆಯಲ್ಲಿ, ನೀರು ನಿಲ್ಲುವ ತಗ್ಗಿನಲ್ಲಿ ಮಣ್ಣಿನ ಮನೆ ಬೇಡವೇ ಬೇಡ. ಪಡಸಾಲೆ, ಕಟ್ಟೆ, ಬೆಳಕಿಂಡಿಗಳನ್ನು ಮಾತ್ರ ಹಾಗೆಯೇ ಉಳಿಸಿಕೊಳ್ಳೋಣ. ಅವುಗಳಲ್ಲಿ ಯಾವ ದೋಷವೂ ಇರಲಿಲ್ಲ.

ಇದಕ್ಕೆ ಮುಖ್ಯ ಅಡ್ಡಿ ತಂತ್ರಜ್ಞಾನವಲ್ಲ, ಕೆಲಸ ಬಲ್ಲವರ ಕೊರತೆ. ನಮ್ಮ ಊರಿನ ಎಂಬತ್ತು ದಾಟಿದ ಗೌಂಡಿಯೊಬ್ಬರನ್ನು ನಾನು ಈ ಬಗ್ಗೆ ಕೇಳಿದೆ. ಅವರು ಮುಷ್ಟಿಯಲ್ಲಿ ಮಣ್ಣು ಹಿಡಿದು, ಉಂಡೆ ಕಟ್ಟಿ, ಎದೆಯೆತ್ತರದಿಂದ ನೆಲಕ್ಕೆ ಬಿಟ್ಟು ತೋರಿಸಿದರು. ಉಂಡೆ ಎಷ್ಟು ತುಂಡಾಗುತ್ತದೆ ಎಂಬುದರ ಮೇಲೆ ಮಣ್ಣಿನ ಗುಣ ಹೇಳಿದರು. ತಂತ್ರಜ್ಞರೂ ಹೊಲದಲ್ಲಿ ಮಾಡುವ ಪರೀಕ್ಷೆ ಇದೇ. ಆಮೇಲೆ ಅವರು, “ಮಾಸ್ತರ್ರ, ಮಣ್ಣಿಗೇನು ಸಾವಿಲ್ರಿ. ಅದನ್ನ ನೋಡಿಕೊಳ್ಳೋ ಕೈ ಸಾಯಾಕತ್ತಾವ” ಎಂದರು. ಅವರ ಮಕ್ಕಳು, ಮೊಮ್ಮಕ್ಕಳು ಯಾರೂ ಈ ಕೆಲಸ ಕಲಿತಿಲ್ಲ. ಅವರಲ್ಲಿರುವ ವಿದ್ಯೆ ಯಾವ ಪುಸ್ತಕದಲ್ಲಿಯೂ ಇಲ್ಲ.

ಆದ್ದರಿಂದ ಶಾಲಾ ಶಿಕ್ಷಕ ಬಂಧುಗಳಲ್ಲಿ ನನ್ನದೊಂದು ವಿನಂತಿ. ನಿಮ್ಮ ಊರಿನಲ್ಲಿ ಒಂದಾದರೂ ಮಾಳಿಗೆ ಮನೆ ಇನ್ನೂ ನಿಂತಿದ್ದರೆ, ಮಕ್ಕಳನ್ನು ಕರೆದುಕೊಂಡು ಹೋಗಿ ಅದರ ಅಂಕಣಗಳನ್ನು ಅಳೆಯಿಸಿರಿ, ನಕ್ಷೆ ಬರೆಯಿಸಿರಿ. ಗೋಡೆಯ ದಪ್ಪ, ಮಾಳಿಗೆಯ ದಪ್ಪ, ತೊಲೆ ಯಾವ ಮರದ್ದು, ಮಣ್ಣು ಎಲ್ಲಿಂದ ತಂದದ್ದು ಎಂದು ಕೇಳಿ ಬರೆದಿಡಿಸಿರಿ. ಮನೆಯೊಳಗೆ ಮತ್ತು ಹತ್ತಿರದ ಆರ್‌ಸಿಸಿ ಕೋಣೆಯಲ್ಲಿ ಒಂದೊಂದು ಉಷ್ಣಮಾಪಕ ತೂಗುಹಾಕಿ, ಮೇ ತಿಂಗಳಲ್ಲಿ ಒಂದು ವಾರ ಮಧ್ಯಾಹ್ನ ಮತ್ತು ರಾತ್ರಿ ಅಂಕಿಗಳನ್ನು ಗುರುತಿಸಿಕೊಳ್ಳಿರಿ. ಊರಿನ ಮುದುಕ ಗೌಂಡಿಗಳಿಗೆ ಒಂದು ದಿನ ಶಾಲೆಗೆ ಬರಲು ಕರೆಕೊಡಿರಿ, ಮುದುಕಿಯರನ್ನೂ ಕರೆಯಿರಿ. ಸಾರಣೆಯ ಹದ ಬಲ್ಲವರು ಅವರೇ. ಇದಕ್ಕೆ ಯಾವ ಅನುದಾನವೂ ಬೇಕಾಗಿಲ್ಲ. ಮುಂದಿನ ಮಿರಗದ ಮಳೆಗೆ ಆ ಮನೆಗಳಲ್ಲಿ ಎಷ್ಟು ಉಳಿಯುತ್ತವೆ ಎಂದು ಹೇಳುವಂತಿಲ್ಲ. ಆದಕಾರಣ ಈ ಬೇಸಿಗೆಯಲ್ಲೇ ಆ ಕೆಲಸವಾಗಲಿ.